ಧರ್ಮಸಂಕಟದ ಹೊತ್ತಿನಲ್ಲಿ ಸಮಾಧಾನ: ಪಾಠಾಭ್ಯಾಸದ ದಿನಗಳ ನೈತಿಕ ನಿರ್ಧಾರಗಳು

ಪಾಠಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳು ಬರೆಯುವ ದಿನಚರಿಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಪಾಠಯೋಜನೆ, ಕಲಿಕೋಪಕರಣ, ಕಪ್ಪುಹಲಗೆಯ ಬಳಕೆ, ಪ್ರಶ್ನೆ ಕೇಳುವ ಕೌಶಲ ಇವುಗಳ ಬಗ್ಗೆ ಅವರು ವಿವರವಾಗಿಯೇ ಬರೆಯುತ್ತಾರೆ. ಪುಟದ ಕೊನೆಯಲ್ಲಿ ಮಾತ್ರ ಇನ್ನೊಂದು ಬಗೆಯ ಸಾಲುಗಳು ಕಾಣಿಸುತ್ತವೆ. ಮಾಡದ ಚಟುವಟಿಕೆಗೆ ಅಂಕ ತುಂಬಲು ಹೇಳಿದರು, ಏನು ಮಾಡಬೇಕೋ ತಿಳಿಯಲಿಲ್ಲ ಎಂದು ಒಬ್ಬರು ಬರೆದಿರುತ್ತಾರೆ. ಗೆಳತಿಯ ಉತ್ತರ ನೋಡಿ ಬರೆದ ಹುಡುಗಿಯ ಮನೆಯ ಕಷ್ಟ ಗೊತ್ತಿತ್ತು, ಹಾಗಾಗಿ ಸುಮ್ಮನಿದ್ದೆ ಎಂದು ಇನ್ನೊಬ್ಬರು. ಮಗುವೊಂದು ಗುಟ್ಟು ಹೇಳಿ ಯಾರಿಗೂ ಹೇಳಬೇಡಿ ಎಂದಿತು, ರಾತ್ರಿ ನಿದ್ದೆ ಬರಲಿಲ್ಲ ಎಂದು ಮತ್ತೊಬ್ಬರು.

ಈ ಸಾಲುಗಳ ಪಕ್ಕದಲ್ಲಿ ಅವಲೋಕನ ನಮೂನೆಯ ಯಾವ ಅಂಶವೂ ಇಲ್ಲ. ಎರಡು ವರ್ಷದ ಬಿ.ಇಡಿ. ವ್ಯವಸ್ಥೆಯನ್ನು ತಂದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಒಟ್ಟು 20 ವಾರಗಳ ಶಾಲಾ ಅನುಭವವನ್ನು ಕೇಳುತ್ತದೆ. ಇಷ್ಟು ದೀರ್ಘ ಕಾಲ ಶಾಲೆಯಲ್ಲಿದ್ದವರಿಗೆ ಪಾಠದ ಜೊತೆಗೆ ಶಾಲೆಯ ಬದುಕೂ ಎದುರಾಗುತ್ತದೆ. ಅದಕ್ಕೂ ಒಂದು ಸಿದ್ಧತೆ ಬೇಕು. ಆ ಸಿದ್ಧತೆಯನ್ನು ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಉದಾಹರಣೆಗಳಲ್ಲಿ ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಾನು ಹೇಳಬೇಕೆಂದಿರುವುದು ಇಷ್ಟು: ನೈತಿಕ ನಿರ್ಧಾರದಲ್ಲಿ ಸಮಾಧಾನವೆಂಬುದು ಕೆಲವರಿಗಷ್ಟೇ ಹುಟ್ಟಿನಿಂದ ಬಂದ ಗುಣವೆಂದು ತಿಳಿಯಬೇಕಾಗಿಲ್ಲ. ಎದುರಿಗಿರುವ ವಿಷಯ ಯಾವ ಬಗೆಯದು, ಅದಕ್ಕೆ ನಿಜವಾಗಿ ಎಷ್ಟು ಸಮಯವಿದೆ ಎಂಬ ಎರಡನ್ನು ಗುರುತಿಸಲು ಕಲಿತರೆ ಬಹುಪಾಲು ಸಮಾಧಾನ ತಾನಾಗಿ ಬರುತ್ತದೆ.

ಆತುರ ಏನು ಮಾಡುತ್ತದೆ

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಮ್ಮಲ್ಲಿದೆ. ಆತುರದಲ್ಲಿ ಬುದ್ಧಿಯಷ್ಟೇ ಅಲ್ಲದೆ ಒಳ್ಳೆಯತನವೂ ಕುಗ್ಗುತ್ತದೆ ಎಂಬುದನ್ನು ತೋರಿಸಿದ ಪ್ರಸಿದ್ಧ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಅವರು ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕಿತ್ತು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದವರು ಸಂಶೋಧಕರೇ. ಇನ್ನೂ ಸಮಯವಿದೆ ಎಂದು ತಿಳಿದಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಿಗೆ ಮುಂದಾದರು. ಸ್ವಲ್ಪ ಅವಸರವಿದ್ದವರಲ್ಲಿ ಇದು ಶೇ. 45. ಆಗಲೇ ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ಶೇ. 10 ಮಾತ್ರ. ಕೆಲವರು ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಕಥೆಯ ಮೇಲೆಯೇ ಮಾತನಾಡಲು ಹೊರಟಿದ್ದರು. ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ.

ಇದನ್ನು ನಮ್ಮ ತರಗತಿಗೆ ಅನ್ವಯಿಸಿ ನೋಡಿ. 40 ನಿಮಿಷದ ಅವಧಿ, ಮುಗಿಸಲೇಬೇಕಾದ ಪಾಠಯೋಜನೆ, ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕಿಸುತ್ತಿರುವ ಉಪನ್ಯಾಸಕರು. ಪ್ರಶಿಕ್ಷಣಾರ್ಥಿಯ ಪಾಲಿಗೆ ಯಾವಾಗಲೂ ತಡವಾಗಿಯೇ ಇರುತ್ತದೆ. ಮೌಲ್ಯಶಿಕ್ಷಣದ ಪಾಠ ಮಾಡುತ್ತಿರುವಾಗಲೂ ಕಿಟಕಿಯ ಪಕ್ಕದಲ್ಲಿ ಅಳುತ್ತಿರುವ ಮಗು ಕಣ್ಣಿಗೆ ಬೀಳದಿರಬಹುದು. ಆದ್ದರಿಂದ ಒಳ್ಳೆಯ ನಿರ್ಧಾರಕ್ಕೆ ಮೊದಲು ಬೇಕಾದದ್ದು ಬಿಡುವು. ಆ ಬಿಡುವನ್ನು ನಾವೇ ಮಾಡಿಕೊಳ್ಳಬೇಕು.

ಮೊದಲ ಕೆಲಸ: ವಿಂಗಡಣೆ

ಪ್ರಶಿಕ್ಷಣಾರ್ಥಿಗಳ ಗೊಂದಲಕ್ಕೆ ದೊಡ್ಡ ಕಾರಣ, ಮೂರು ಬೇರೆ ಬೇರೆ ಬಗೆಯ ಸಂಗತಿಗಳನ್ನು ಒಂದೇ ಎಂದು ಭಾವಿಸುವುದು.

ಮೊದಲನೆಯದು ಒತ್ತಡ ಅಥವಾ ಆಮಿಷ. ಇಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದು ನಮಗೆ ಗೊತ್ತಿರುತ್ತದೆ. ಸರಿಯಾದದ್ದನ್ನು ಮಾಡುವುದು ಕಷ್ಟವಾಗಿರುತ್ತದೆ, ಅಷ್ಟೇ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯನ್ನು ಮಾಡಿಸದೆ ಅಂಕ ತುಂಬುವುದು ಇಂಥದ್ದು. ಇದಕ್ಕೆ ಚಿಂತನೆಗಿಂತ ಹೆಚ್ಚಾಗಿ ಬೇಕಾದದ್ದು ಆಡುವ ಮಾತು. “ಸರ್, ನಾಳೆಯ ಅವಧಿಯಲ್ಲಿ ಚಟುವಟಿಕೆ ಮಾಡಿಸಿ ಸಂಜೆಯೊಳಗೆ ಅಂಕ ಕೊಡುತ್ತೇನೆ” ಎಂಬ ಒಂದು ವಾಕ್ಯವನ್ನು ಮೊದಲೇ ಅಭ್ಯಾಸ ಮಾಡಿಕೊಂಡಿದ್ದರೆ ಮುಖ ಮುರಿಯದೆ, ಸುಳ್ಳೂ ಬರೆಯದೆ ಆ ಹೊತ್ತನ್ನು ದಾಟಬಹುದು.

ಎರಡನೆಯದು ಕಾನೂನು ಈಗಾಗಲೇ ತೀರ್ಮಾನಿಸಿರುವ ಸಂಗತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹೊಡೆಯಬೇಕೋ ಬೇಡವೋ ಎಂಬುದು ಆದ್ದರಿಂದ ಸಂದಿಗ್ಧವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಅದನ್ನು ವರದಿ ಮಾಡಬೇಕು. ಇಂಥ ಕಡೆ ನಮ್ಮ ಯೋಚನೆ ‘ಮಾಡಬೇಕೇ’ ಎಂಬುದರಿಂದ ‘ಮಗುವಿಗೆ ನೋವಾಗದಂತೆ ಹೇಗೆ ಮಾಡಬೇಕು’ ಎಂಬುದಕ್ಕೆ ತಿರುಗಬೇಕು.

ಮೂರನೆಯದು ನಿಜವಾದ ಧರ್ಮಸಂಕಟ. ಆ ಪದವನ್ನೇ ಗಮನಿಸಿ. ಎರಡು ಕಡೆಯೂ ಧರ್ಮವಿದ್ದು, ಎರಡನ್ನೂ ಒಟ್ಟಿಗೆ ಪಾಲಿಸಲಾಗದಿದ್ದಾಗ ಹುಟ್ಟುವ ಸಂಕಟ ಅದು. ಗೋವಿನ ಹಾಡಿನ ಪುಣ್ಯಕೋಟಿಯ ಪಾಡು ಇದೇ. ಹುಲಿಗೆ ಕೊಟ್ಟ ಮಾತು ಒಂದು ಕಡೆ, ಎಳೆಗರು ಇನ್ನೊಂದು ಕಡೆ. ಈ ಕಥನಗೀತೆಯನ್ನು ಪಾಠ ಮಾಡುವಾಗ ನಾವು ಸತ್ಯದ ನೀತಿಯನ್ನು ಹೇಳಿ ಮುಗಿಸುತ್ತೇವೆ. ಕರುವಿನ ಬಗೆಗಿನ ಕರ್ತವ್ಯವೂ ಅಷ್ಟೇ ನಿಜವಾಗಿತ್ತು ಎಂಬುದನ್ನು ಮಕ್ಕಳ ಜೊತೆ ಚರ್ಚಿಸುವುದು ಕಡಿಮೆ. ಆಕೆ ಮೊದಲು ಕೇಳಿದ್ದು ಸಮಯವನ್ನು, ಅದನ್ನು ಬಳಸಿದ್ದು ಕರುವಿಗೆ ಹಾಲೂಡಿಸಿ ಅದನ್ನು ಬೇರೆಯವರ ವಶಕ್ಕೆ ಒಪ್ಪಿಸಲು ಎಂಬುದನ್ನೂ ಗಮನಿಸಬಹುದು.

ಧರ್ಮಸಂಕಟದ ನಾಲ್ಕು ರೂಪಗಳು

ಅಮೆರಿಕದ ಲೇಖಕ ರಶ್‌ವರ್ತ್ ಕಿಡ್ಡರ್ 1995ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸರಿ ಮತ್ತು ಸರಿಯ ನಡುವಣ ಇಕ್ಕಟ್ಟುಗಳನ್ನು ನಾಲ್ಕು ಜೋಡಿಗಳಾಗಿ ವಿಂಗಡಿಸಿದರು. ಶಾಲೆಯಲ್ಲಿ ಎದುರಾಗುವ ಬಹುತೇಕ ಸಂದರ್ಭಗಳು ಈ ನಾಲ್ಕರಲ್ಲಿ ಒಂದಕ್ಕೆ ಹೊಂದುತ್ತವೆ.

ಸತ್ಯ ಮತ್ತು ನಿಷ್ಠೆ: ಜೊತೆಗಾರ ಪ್ರಶಿಕ್ಷಣಾರ್ಥಿ ಬೇರೆಯವರ ಪಾಠಯೋಜನೆಯನ್ನು ನಕಲು ಮಾಡಿದ್ದು ನಿಮಗೆ ಗೊತ್ತು. ಉಪನ್ಯಾಸಕರು ನಿಮ್ಮನ್ನೇ ಕೇಳುತ್ತಾರೆ.

ವ್ಯಕ್ತಿ ಮತ್ತು ಸಮೂಹ: ನಿಧಾನವಾಗಿ ಕಲಿಯುವ ಇಬ್ಬರು ಮಕ್ಕಳಿಗಾಗಿ ಇನ್ನೊಂದು ಅವಧಿ ಕೊಟ್ಟರೆ ಉಳಿದವರ ಘಟಕ ಹಿಂದೆ ಬೀಳುತ್ತದೆ.

ಇಂದು ಮತ್ತು ಮುಂದು: ಮನೆಗೆಲಸ ಮಾಡದ ಹುಡುಗನನ್ನು ಇಂದು ಬಿಟ್ಟರೆ ಅವನಿಗೆ ನೆಮ್ಮದಿ. ಹೀಗೇ ಬಿಡುತ್ತಾ ಹೋದರೆ ವರ್ಷದ ಕೊನೆಗೆ ಅವನಿಗೇ ನಷ್ಟ.

ನ್ಯಾಯ ಮತ್ತು ಕರುಣೆ: ನೋಡಿ ಬರೆದವರಿಗೆಲ್ಲ ಒಂದೇ ನಿಯಮ ಇರಬೇಕು. ಆದರೆ ಈ ಹುಡುಗಿಯ ತಾಯಿ ಆಸ್ಪತ್ರೆಯಲ್ಲಿದ್ದಾರೆ, ಓದಲು ಅವಳಿಗೆ ಸಮಯವೇ ಸಿಕ್ಕಿಲ್ಲ.

ನನ್ನ ಇಕ್ಕಟ್ಟು ಯಾವ ಜೋಡಿಯದು ಎಂದು ಹೆಸರಿಟ್ಟು ಹೇಳಿದೊಡನೆ ಮನಸ್ಸಿನ ಕಳವಳ ಸ್ವಲ್ಪ ಇಳಿಯುತ್ತದೆ. ಎರಡೂ ಒಳ್ಳೆಯವೇ ಆಗಿರುವುದರಿಂದ ಆಯ್ಕೆ ಕಷ್ಟವಾಗಿದೆ, ನಾನು ದುರ್ಬಲನಾಗಿರುವುದರಿಂದ ಅಲ್ಲ ಎಂದು ತಿಳಿಯುತ್ತದೆ. ಎಷ್ಟೋ ಬಾರಿ ಮೂರನೆಯ ದಾರಿಯೂ ಕಾಣುತ್ತದೆ. ನೋಡಿ ಬರೆದ ಹುಡುಗಿಗೆ ಆ ಉತ್ತರದ ಅಂಕ ಕೊಡದೆ, ವಾರದ ನಂತರ ಅದೇ ಕಲಿಕಾಂಶದ ಮೇಲೆ ಇನ್ನೊಂದು ಅವಕಾಶ ಕೊಟ್ಟರೆ ನ್ಯಾಯವೂ ಉಳಿಯುತ್ತದೆ, ಕರುಣೆಯೂ ಉಳಿಯುತ್ತದೆ. ಆ ಅವಕಾಶ ಅಂಥ ಸ್ಥಿತಿಯಲ್ಲಿರುವ ಬೇರೆ ಮಕ್ಕಳಿಗೂ ಇರಬೇಕು ಎಂಬುದನ್ನು ಮರೆಯಬಾರದು.

ಐದು ಪ್ರಶ್ನೆಗಳು

ಪೂರ್ವಸಿದ್ಧತಾ ತರಗತಿಗಳಲ್ಲಿ ನಾನು ಐದು ಪ್ರಶ್ನೆಗಳನ್ನು ಕೊಡುತ್ತೇನೆ. ಪಾಠಯೋಜನೆಯ ಪುಸ್ತಕದ ಒಳರಕ್ಷಾಪುಟದಲ್ಲಿ ಅವುಗಳನ್ನು ಬರೆದಿಟ್ಟುಕೊಳ್ಳಲು ಹೇಳುತ್ತೇನೆ.

1. ಇದನ್ನು ಈಗಲೇ ತೀರ್ಮಾನಿಸಬೇಕೇ? ಮಗುವಿನ ಸುರಕ್ಷತೆಗೆ ಅಪಾಯವಿದ್ದರೆ ಹೌದು. ಉಳಿದ ಹೆಚ್ಚಿನವಕ್ಕೆ ಬೆಲ್ ಹೊಡೆಯುವವರೆಗಾದರೂ ಕಾಯಬಹುದು.

2. ನಾನು ಕಣ್ಣಾರೆ ಕಂಡದ್ದೇನು, ಊಹಿಸಿದ್ದೇನು? ಇವೆರಡನ್ನು ಎರಡು ಸಾಲುಗಳಲ್ಲಿ ಬೇರೆಬೇರೆಯಾಗಿ ಬರೆಯಬೇಕು.

3. ಇದರಿಂದ ಯಾರಿಗೆಲ್ಲ ಪರಿಣಾಮವಾಗುತ್ತದೆ? ಅವರಲ್ಲಿ ತನ್ನ ಪರವಾಗಿ ಮಾತಾಡಲಾರದವರು ಯಾರು?

4. ನನ್ನ ನಿರ್ಧಾರ ತಪ್ಪೆಂದು ನಾಳೆ ಗೊತ್ತಾದರೆ ಅದನ್ನು ಸರಿಪಡಿಸಬಹುದೇ? ಸರಿಪಡಿಸಬಹುದಾದ ದಾರಿ ಇದ್ದರೆ ಅದನ್ನೇ ಮೊದಲು ಹಿಡಿಯಬೇಕು.

5. ಇದರ ಕಾರಣವನ್ನು ಆ ಮಗುವಿನ ಎದುರು, ಅದರ ಪೋಷಕರ ಎದುರು, ಮುಖ್ಯೋಪಾಧ್ಯಾಯರ ಎದುರು ಒಂದೇ ಮಾತಿನಲ್ಲಿ ಹೇಳಬಲ್ಲೆನೇ? ಮೂವರಿಗೆ ಮೂರು ಬಗೆಯ ಕಾರಣ ಹೇಳಬೇಕಾಗಿ ಬಂದರೆ ಇನ್ನೊಮ್ಮೆ ಯೋಚಿಸಬೇಕು.

ಈ ಪ್ರಶ್ನೆಗಳನ್ನು ಕೇಳಿಕೊಂಡ ಮಾತ್ರಕ್ಕೆ ಉತ್ತರ ಸಿಕ್ಕಿಬಿಡುವುದಿಲ್ಲ. ಆದರೆ ಅವಮಾನ, ಕೋಪ, ಭಯ ಇವು ನಮ್ಮ ಪರವಾಗಿ ಉತ್ತರ ಕೊಟ್ಟುಬಿಡುವುದನ್ನು ಇವು ತಡೆಯುತ್ತವೆ.

ಒಂದು ಪ್ರಸಂಗ: ಕಾಣೆಯಾದ ಇನ್ನೂರು ರೂಪಾಯಿ

ಎಂಟನೆಯ ತರಗತಿ. ಸಮಾಜ ವಿಜ್ಞಾನದ ಪಾಠ ಶುರುವಾಗಿ ಹತ್ತು ನಿಮಿಷ. ಪ್ರವಾಸಕ್ಕೆಂದು ತಂದಿದ್ದ 200 ರೂಪಾಯಿ ಕಂಪಾಸು ಪೆಟ್ಟಿಗೆಯಲ್ಲಿಲ್ಲ ಎಂದು ಒಬ್ಬ ಹುಡುಗಿ ಅಳತೊಡಗಿದಳು. “ಅವನೇ ತಗೊಂಡಿರ್ತಾನೆ ಮಿಸ್, ಹೋದ ವರ್ಷನೂ ತಗೊಂಡಿದ್ದ” ಎಂದು ನಾಲ್ಕೈದು ಮಕ್ಕಳು ಒಬ್ಬ ಹುಡುಗನತ್ತ ಕೈ ತೋರಿಸಿದರು. ಎಲ್ಲರ ಬ್ಯಾಗು ಚೆಕ್ ಮಾಡಿ ಎಂಬ ಕೂಗು ಎದ್ದಿತು. ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿಗೆ ಅದು ಆ ಶಾಲೆಯಲ್ಲಿ ಎರಡನೆಯ ವಾರ.

ಆಕೆ ಐದು ಪ್ರಶ್ನೆಗಳನ್ನು ಬಳಸಿದ ಬಗೆ ಹೀಗೆ. ಈಗಲೇ ತೀರ್ಮಾನಿಸಬೇಕಾಗಿದ್ದುದು ಒಂದೇ, ಆ ಹುಡುಗನ ಮೇಲೆ ಎಲ್ಲರೂ ಮುಗಿಬೀಳದಂತೆ ತಡೆಯುವುದು. ಕಳ್ಳ ಯಾರೆಂಬುದು ಆ ನಿಮಿಷದ ಪ್ರಶ್ನೆಯಾಗಿರಲಿಲ್ಲ. ಕಂಡದ್ದು ಹಣ ಪೆಟ್ಟಿಗೆಯಲ್ಲಿಲ್ಲ ಎಂಬುದಷ್ಟೇ, ಕದ್ದಿದ್ದಾರೆ ಎಂಬುದು ಊಹೆ. ತನ್ನ ಪರ ಮಾತಾಡಲಾರದವನು ಹಳೆಯ ಹೆಸರು ಹೊತ್ತ ಆ ಹುಡುಗ. ಎಲ್ಲರೆದುರು ಬ್ಯಾಗು ತೆಗೆಸಿದರೆ ಅದನ್ನು ಹಿಂತೆಗೆದುಕೊಳ್ಳಲಾಗದು. ಹಣ ಸಿಗಲಿ ಸಿಗದಿರಲಿ, ಅವನ ಮೇಲಿನ ಅನುಮಾನಕ್ಕೆ ಶಿಕ್ಷಕರ ಮೊಹರು ಬಿದ್ದಂತೆ.

ಆಕೆ ಮಕ್ಕಳಿಗೆ ಹೇಳಿದ್ದು ಮೂರು ಮಾತು. ಯಾರೂ ಯಾರ ಹೆಸರನ್ನೂ ಹೇಳಬಾರದು. ಎಲ್ಲರೂ ತಮ್ಮ ತಮ್ಮ ಪುಸ್ತಕಗಳ ನಡುವೆ, ಬೆಂಚಿನ ಕೆಳಗೆ ಎರಡು ನಿಮಿಷ ಹುಡುಕೋಣ. ಸಿಗದಿದ್ದರೆ ಬೆಲ್ ಆದಮೇಲೆ ತರಗತಿ ಶಿಕ್ಷಕರ ಹತ್ತಿರ ನಾನು ಮಾತಾಡುತ್ತೇನೆ. ಅಳುತ್ತಿದ್ದ ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿಕೊಂಡು ಪಾಠ ಮುಂದುವರಿಸಿದರು.

ಹಣ ಸಿಗಲಿಲ್ಲ. ಯಾರು ತೆಗೆದುಕೊಂಡರು, ತೆಗೆದುಕೊಂಡರೋ ದಾರಿಯಲ್ಲಿ ಬಿತ್ತೋ, ಕೊನೆಗೂ ಗೊತ್ತಾಗಲಿಲ್ಲ. ಹುಡುಗಿಯ ಪ್ರವಾಸ ತಪ್ಪದಂತೆ ಮುಖ್ಯೋಪಾಧ್ಯಾಯರು ನೋಡಿಕೊಂಡರು. ಇನ್ನು ಮುಂದೆ ಹಣ ತಂದವರು ಪ್ರಾರ್ಥನೆಗೆ ಮೊದಲೇ ಅದನ್ನು ತರಗತಿ ಶಿಕ್ಷಕರಿಗೆ ಕೊಟ್ಟು ಬರೆಸಬೇಕು ಎಂದು ತೀರ್ಮಾನವಾಯಿತು. ಆ ಹುಡುಗನ ಜೊತೆ ತರಗತಿ ಶಿಕ್ಷಕರು ಬೇರೆಯಾಗಿ ಕುಳಿತು ಮಾತಾಡಿದರು.

ಚರ್ಚೆಯಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಒಂದು ಆಕ್ಷೇಪ ಎತ್ತಿದರು. ಹಣ ಕಳೆದುಕೊಂಡವಳಿಗೆ ನ್ಯಾಯ ಸಿಗಲಿಲ್ಲವಲ್ಲ, ಕದ್ದವರು ಯಾರಾದರೂ ಇದ್ದರೆ ಅವರಿಗೆ ಧೈರ್ಯ ಬಂದಂತಾಗಲಿಲ್ಲವೇ ಎಂದು. ಆಕ್ಷೇಪದಲ್ಲಿ ಹುರುಳಿದೆ. ಧರ್ಮಸಂಕಟದಲ್ಲಿ ಯಾವ ದಾರಿ ಹಿಡಿದರೂ ಒಂದು ಒಳ್ಳೆಯದು ಕೈತಪ್ಪುತ್ತದೆ. ಕೈತಪ್ಪಿದ್ದನ್ನು ಒಪ್ಪಿಕೊಂಡು, ಅದನ್ನು ತುಂಬಿಕೊಡುವ ಪ್ರಯತ್ನ ಮಾಡಬೇಕು. ಹಣ ಪಡೆಯುವ ಹೊಸ ವ್ಯವಸ್ಥೆ ಅಂಥ ಪ್ರಯತ್ನ.

“ಯಾರಿಗೂ ಹೇಳಬೇಡಿ ಮಿಸ್”

ಸಮಾಧಾನವೆಂದರೆ ಮುಂದೂಡುವುದು ಎಂಬ ಅರ್ಥ ಬರಬಾರದು. ಮಗುವೊಂದು ತನ್ನ ಮೇಲೆ ಯಾರೋ ಕೆಟ್ಟದಾಗಿ ನಡೆದುಕೊಂಡದ್ದನ್ನು ಹೇಳಿಕೊಂಡರೆ ನಮಗೆ ಕಾಯಲು ಸಮಯವಿಲ್ಲ. ಇಂಥ ಹೊತ್ತಿಗೇ ಮಾತುಗಳು ಮೊದಲೇ ಸಿದ್ಧವಾಗಿರಬೇಕು.

ಯಾರಿಗೂ ಹೇಳುವುದಿಲ್ಲ ಎಂಬ ಭಾಷೆಯನ್ನು ಕೊಡಬಾರದು. ಆ ಮಾತನ್ನು ಉಳಿಸಿಕೊಳ್ಳಲಾಗದು, ಮುರಿದರೆ ಮಗುವಿನ ನಂಬಿಕೆ ಎರಡನೆಯ ಸಲ ಮುರಿಯುತ್ತದೆ. “ನೀನು ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ನಿನ್ನ ತಪ್ಪಿಲ್ಲ. ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಯಾರಿಗೆ ಹೇಳುತ್ತೇನೆ ಅನ್ನುವುದನ್ನು ನಿನಗೆ ಮೊದಲು ತಿಳಿಸುತ್ತೇನೆ” ಎನ್ನಬಹುದು. ಮಗು ಹೇಳಿದಷ್ಟನ್ನು ಕೇಳಬೇಕು. ಮತ್ತೆ ಮತ್ತೆ ಪ್ರಶ್ನಿಸಿ ವಿಚಾರಣೆ ಮಾಡುವುದು ನಮ್ಮ ಕೆಲಸವಲ್ಲ. ಅದು ಆಡಿದ ಮಾತುಗಳನ್ನೇ ದಿನಾಂಕ, ಸಮಯದ ಜೊತೆ ಬರೆದಿಡಬೇಕು.

ಪೋಕ್ಸೊ ಕಾಯ್ದೆಯ 19ನೆಯ ಪ್ರಕರಣದಂತೆ ಈ ಮಾಹಿತಿ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಲುಪಬೇಕು. ತಿಳಿಸದಿದ್ದರೆ 21ನೆಯ ಪ್ರಕರಣದಡಿ ಶಿಕ್ಷೆಯಿದೆ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯೂ ಇದೆ. ಪ್ರಶಿಕ್ಷಣಾರ್ಥಿ ಅದೇ ದಿನ ಮುಖ್ಯೋಪಾಧ್ಯಾಯರಿಗೂ ಕಾಲೇಜಿನ ಮಾರ್ಗದರ್ಶಕರಿಗೂ ತಿಳಿಸಬೇಕು. ಶಾಲೆಯ ಹೆಸರು ಕೆಡುತ್ತದೆ, ಒಳಗೇ ಮುಗಿಸೋಣ ಎಂಬ ಮಾತು ಬಂದರೂ ನಮ್ಮ ಕರ್ತವ್ಯ ಅಲ್ಲಿಗೆ ಮುಗಿಯುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಸಹೋದ್ಯೋಗಿಗಳ ನಡುವೆ, ವಾಟ್ಸಾಪ್ ಗುಂಪಿನಲ್ಲಿ, ದಿನಚರಿಯಲ್ಲಿ ಕೂಡ ಮಗುವಿನ ಹೆಸರು ಬರಬಾರದು.

ಅತಿಥಿಯಾಗಿರುವಾಗ

ಪ್ರಶಿಕ್ಷಣಾರ್ಥಿಯ ಸ್ಥಾನ ವಿಚಿತ್ರವಾದದ್ದು. ಮಕ್ಕಳ ಪಾಲಿಗೆ ಅವರು ಶಿಕ್ಷಕರು, ಶಾಲೆಯ ಪಾಲಿಗೆ ಅತಿಥಿಗಳು, ಕಾಲೇಜಿನ ಪಾಲಿಗೆ ವಿದ್ಯಾರ್ಥಿಗಳು. ಹಿರಿಯ ಶಿಕ್ಷಕರೊಬ್ಬರು ಮಗುವಿಗೆ ಹೊಡೆಯುವುದನ್ನು ಕಂಡರೆ ಏನು ಮಾಡಬೇಕು ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ.

ಹೊಡೆತ ತಪ್ಪೆಂಬುದರಲ್ಲಿ ಅನುಮಾನವಿಲ್ಲ. ಸಂಕಟವಿರುವುದು ನಿಷ್ಠೆ ಮತ್ತು ಸತ್ಯದ ನಡುವೆ. ಮಕ್ಕಳೆದುರು ಜಗಳಕ್ಕೆ ನಿಂತರೆ ಆ ಶಿಕ್ಷಕರ ಕೋಪ ಮತ್ತೆ ಮಗುವಿನ ಮೇಲೆಯೇ ತಿರುಗಬಹುದು. “ಸರ್, ಇವನನ್ನು ನನ್ನ ಹತ್ತಿರ ಕಳಿಸಿ, ನಾನು ಓದಿಸುತ್ತೇನೆ” ಎಂದು ಮಗುವನ್ನು ಅಲ್ಲಿಂದ ಸರಿಸುವುದು ಆ ಕ್ಷಣಕ್ಕೆ ಸಾಧ್ಯವಿರುವ ಒಳ್ಳೆಯ ಹೆಜ್ಜೆ. ಪೆಟ್ಟಾಗಿದ್ದರೆ ಚಿಕಿತ್ಸೆ ಮೊದಲು. ಆಮೇಲೆ ಕಂಡದ್ದನ್ನು ಕಂಡಷ್ಟೇ ಬರೆದು ಅದೇ ದಿನ ಮಾರ್ಗದರ್ಶಕ ಉಪನ್ಯಾಸಕರಿಗೆ ತಿಳಿಸಬೇಕು. ಮುಖ್ಯೋಪಾಧ್ಯಾಯರ ಜೊತೆಗಿನ ಮಾತುಕತೆಯ ಹೊಣೆ ಉಪನ್ಯಾಸಕರದು. ಅದನ್ನು ಇಪ್ಪತ್ತೆರಡು ವರ್ಷದ ಪ್ರಶಿಕ್ಷಣಾರ್ಥಿಯ ಹೆಗಲಿಗೆ ಹಾಕುವುದು ಸರಿಯಲ್ಲ.

ಇಲ್ಲಿ ಪ್ರಶಿಕ್ಷಕರಾದ ನಮಗೆ ಒಂದು ಮಾತು. ಇಂಟರ್ನ್‌ಶಿಪ್‌ನ ಅಂಕದಲ್ಲಿ ಶಾಲೆಯ ಅಭಿಪ್ರಾಯವೂ ಸೇರುತ್ತದೆ. ಸತ್ಯ ಹೇಳಿದರೆ ಅಂಕ ಹೋಗುತ್ತದೆ ಎಂಬ ಭಯವಿರುವವರೆಗೆ ಯಾವ ವಿಧಾನ ಕಲಿಸಿದರೂ ಪ್ರಯೋಜನವಿಲ್ಲ. ಇಂಥ ವಿಷಯ ತಿಳಿಸಿದವರ ಮೌಲ್ಯಮಾಪನವನ್ನು ಕಾಲೇಜೇ ಪುನಃ ಪರಿಶೀಲಿಸುತ್ತದೆ ಎಂದು ಪಾಠಾಭ್ಯಾಸಕ್ಕೆ ಕಳಿಸುವ ಮೊದಲೇ ಹೇಳಬೇಕು, ಹೇಳಿದಂತೆ ನಡೆಯಬೇಕು.

ತರಬೇತಿಯಲ್ಲಿ ಇದನ್ನು ಅಳವಡಿಸುವ ಬಗೆ

ಮನೋವಿಜ್ಞಾನದ ಪತ್ರಿಕೆಯಲ್ಲಿ ನಾವು ಕೊಹ್ಲ್‌ಬರ್ಗ್‌ನ ಹಂತಗಳನ್ನು ಕಲಿಸುತ್ತೇವೆ. ಹೆಂಡತಿಯ ಪ್ರಾಣ ಉಳಿಸಲು ಔಷಧಿ ಕದಿಯಬೇಕೇ ಎಂಬ ಹೈನ್ಸ್‌ನ ಪ್ರಸಂಗ ಎಲ್ಲರಿಗೂ ಬಾಯಿಪಾಠ. ನ್ಯಾಯದ ತತ್ತ್ವವನ್ನಷ್ಟೇ ಅಳೆಯುವ ಈ ನೋಟ ಸಂಬಂಧ ಮತ್ತು ಕಾಳಜಿಯ ದನಿಯನ್ನು ಕೇಳಿಸಿಕೊಳ್ಳುವುದಿಲ್ಲ ಎಂದು ಕ್ಯಾರಲ್ ಗಿಲ್ಲಿಗನ್ 1982ರ ತಮ್ಮ ಕೃತಿಯಲ್ಲಿ ವಾದಿಸಿದರು. ಎರಡೂ ನೋಟಗಳನ್ನು ಪರೀಕ್ಷೆಯ ಉತ್ತರಕ್ಕಷ್ಟೇ ಸೀಮಿತಗೊಳಿಸದೆ ಇನ್ನೂರು ರೂಪಾಯಿಯ ಪ್ರಸಂಗಕ್ಕೆ ಹಚ್ಚಿ ನೋಡಲು ಹೇಳಿದರೆ ಸಿದ್ಧಾಂತಕ್ಕೂ ಜೀವ ಬರುತ್ತದೆ.

ನಮ್ಮಲ್ಲಿ ಅನುಕೂಲವಾಗಿ ನಡೆದಿರುವ ಮೂರು ಅಭ್ಯಾಸಗಳನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದು, ವಾರಕ್ಕೊಮ್ಮೆ ಪಾಠದ ನಂತರದ ಚರ್ಚೆಯಲ್ಲಿ ಹತ್ತು ನಿಮಿಷ ಒಂದು ಪ್ರಸಂಗಕ್ಕೆ ಮೀಸಲು. ಪ್ರಶಿಕ್ಷಕರು ಕೊನೆಯಲ್ಲಿ ಮಾತ್ರ ಮಾತಾಡುತ್ತಾರೆ. ಎರಡನೆಯದು, ಪಾತ್ರಾಭಿನಯ. ‘ನಾಳೆ ಸಂಜೆಯೊಳಗೆ ಕೊಡುತ್ತೇನೆ ಸರ್’ ಎಂಬಂಥ ಮಾತುಗಳನ್ನು ಜೋರಾಗಿ ಆಡಿಸಿ ರೂಢಿ ಮಾಡಿಸುವುದು. ಮೂರನೆಯದು, ದಿನಚರಿಯ ಬಲಪುಟದಲ್ಲಿ ನಾಲ್ಕು ಕಲಮುಗಳು: ಕಂಡದ್ದು, ಊಹಿಸಿದ್ದು, ಮಾಡಿದ್ದು, ಒಂದು ವಾರದ ನಂತರ ಅನ್ನಿಸಿದ್ದು. ನಾಲ್ಕನೆಯ ಕಲಮನ್ನು ಒಂದು ವಾರ ಖಾಲಿ ಬಿಡಬೇಕು. ಮುಂದಿನ ಪಾಠಾಭ್ಯಾಸದ ತಂಡಕ್ಕೆ ಚರ್ಚೆಯ ಪ್ರಸಂಗಗಳು, ಹೆಸರು ಊರುಗಳಿಲ್ಲದೆ, ಆ ಕಲಮುಗಳಿಂದಲೇ ಸಿಗುತ್ತವೆ.